ಈಗ ಎಷ್ಟಿದೆ?

ಮಂಗಳವಾರ ರಾತ್ರಿ ಸ್ವಿಚ್ ಒತ್ತಿದ ಕೂಡಲೇ ನನ್ನ ಎಲೆಕ್ಟ್ರಿಕ್ ಸೈಕಲ್ಲಿನ ಮುಂದಿನ ದೀಪ ಕಣ್ಣು ಕುಕ್ಕುವಷ್ಟು ಬೆಳ್ಳಗೆ ಉರಿದು, ‘ಟಪ್’ ಎಂದು ಸದ್ದು ಮಾಡಿ ಆರಿಹೋಯಿತು. ಹ್ಯಾಂಡಲ್ಲಿನ ಕೆಳಗೆ ಕಟ್ಟಿದ್ದ ಪುಟ್ಟ ಕನ್ವರ್ಟರಿನಿಂದ ಸುಟ್ಟ ವಾಸನೆ ಬಂತು. ಅದೇ ಕನ್ವರ್ಟರ್ ಮೂರು ವಾರ ಯಾವ ತಕರಾರೂ ಇಲ್ಲದೆ ನಡೆದಿತ್ತು ಎಂಬುದು ನನ್ನನ್ನು ಇನ್ನಷ್ಟು ಕಂಗೆಡಿಸಿತು.

ದೀಪಕ್ಕೆ ಬೇರೆ ಬ್ಯಾಟರಿ ಇಟ್ಟುಕೊಂಡು, ಅದನ್ನು ಚಾರ್ಜ್ ಮಾಡಲು ಮರೆತು, ಕತ್ತಲಲ್ಲಿ ಸೈಕಲ್ ತಳ್ಳಿಕೊಂಡು ಬಂದವರಿಗೆ ನನ್ನ ಆಸೆ ಅರ್ಥವಾದೀತು. ಮುಖ್ಯ ಬ್ಯಾಟರಿಯಲ್ಲಿ 360 ವ್ಯಾಟ್-ಅವರ್ ಶಕ್ತಿಯಿದೆ. 6 ವ್ಯಾಟಿನ ದೀಪ ಒಂದು ಗಂಟೆ ಉರಿದರೂ ಅದರಲ್ಲಿ ಶೇಕಡಾ ಎರಡೂ ಖರ್ಚಾಗುವುದಿಲ್ಲ. ಕೆರೆಯೇ ಜೊತೆಗಿರುವಾಗ ಒಂದು ಲೋಟ ನೀರಿಗೆ ಬೇರೆ ಬಾವಿ ತೋಡುವುದೇಕೆ ಎಂದುಕೊಂಡು, 36 ವೋಲ್ಟನ್ನು 12ಕ್ಕೆ ಇಳಿಸುವ ಅಗ್ಗದ ಕನ್ವರ್ಟರೊಂದನ್ನು ತಂದು ಜೋಡಿಸಿದ್ದೆ.

ಮರುದಿನ ಅದನ್ನು ಭಾವನ ಮುಂದಿಟ್ಟೆ. ಅವರು ಯುಪಿಎಸ್ ರಿಪೇರಿ ಮಾಡುವವರು, ಮಾತು ಬಹಳ ಕಡಿಮೆ. ಅದನ್ನು ಅಹಂಕಾರವೆಂದು ನಾನು ವರ್ಷಗಟ್ಟಲೆ ತಿಳಿದುಕೊಂಡಿದ್ದೆ.

“ಬ್ಯಾಟರಿ ಎಷ್ಟು ವೋಲ್ಟು?”

“ಮೂವತ್ತಾರು, ಭಾವ.”

“ಅದು ಹೆಸರು. ಈಗ ಎಷ್ಟಿದೆ?”

ನನ್ನ ಬಳಿ ಉತ್ತರವಿರಲಿಲ್ಲ. ಅವರು ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ಬ್ಯಾಟರಿಯ ಬಾಯಿಗೆ ಮುಟ್ಟಿಸಿ, ಮೀಟರನ್ನು ನನ್ನ ಕಡೆಗೆ ತಿರುಗಿಸಿದರು. 41.8.

ಆ ಪ್ರಶ್ನೆ ಈ ವಾರವಿಡೀ ನನ್ನ ಕಿವಿಯಲ್ಲಿದೆ. ಸಾಲಾಗಿ ಜೋಡಿಸಿದ ಹತ್ತು ಸೆಲ್‌ಗಳನ್ನು ತಲಾ 3.6ರಂತೆ ಲೆಕ್ಕ ಹಾಕಿದರೆ 36 ಬರುತ್ತದೆ, ಸರಿ. ಆದರೆ ಪೂರ್ತಿ ತುಂಬಿದ ಸೆಲ್ 4.2ಕ್ಕೆ ಏರುವುದರಿಂದ ಇಡೀ ಬ್ಯಾಟರಿ 42 ವೋಲ್ಟ್ ಆಗುತ್ತದೆ, ಬರಿದಾಗುತ್ತ ಬಂದಾಗ 30ರ ಸಮೀಪಕ್ಕೆ ಇಳಿಯುತ್ತದೆ. 36 ಎಂಬುದು ದಾರಿಯಲ್ಲಿ ಹಾದುಹೋಗುವ ಒಂದು ಅಂಕಿ ಮಾತ್ರ. ನನ್ನ ಕನ್ವರ್ಟರಿನೊಳಗೆ ಇದ್ದದ್ದು ಎಲ್‌ಎಂ 2596 ಎಂಬ ಚಿಪ್, ಅದಕ್ಕೆ ಕೊಡಬಹುದಾದ ವೋಲ್ಟೇಜಿನ ಮಿತಿ 40. ಬ್ಯಾಟರಿಯ ಆಯುಷ್ಯಕ್ಕೆ ಒಳ್ಳೆಯದೆಂದು ನಾನು ಮುಕ್ಕಾಲು ಪಾಲಷ್ಟೇ ಚಾರ್ಜ್ ಮಾಡುತ್ತಿದ್ದುದರಿಂದ ಮೂರು ವಾರ ಅದು ಬದುಕಿಕೊಂಡಿತ್ತು. ಮಂಗಳವಾರ ದೂರ ಹೋಗುವುದಿದೆಯೆಂದು ಮೊದಲ ಬಾರಿಗೆ ಪೂರ್ತಿ ತುಂಬಿಸಿದ್ದೆ. ಇಂಥ ಕನ್ವರ್ಟರ್ ಕೆಡುವಾಗ ಎಷ್ಟೋ ಸಲ ಒಳಗಿನ ಸ್ವಿಚ್ ತೆರೆಯಲಾಗದಂತೆ ಬೆಸೆದುಹೋಗಿ, ಒಳಬಂದದ್ದನ್ನೆಲ್ಲ ಹಾಗೆಯೇ ಹೊರಗೆ ದಾಟಿಸಿಬಿಡುತ್ತದೆ. 12 ವೋಲ್ಟಿನ ದೀಪ ಅಷ್ಟನ್ನೂ ಒಮ್ಮೆಗೇ ನುಂಗಬೇಕಾಯಿತು.

“ಮೂವತ್ತಾರಕ್ಕೆ ಧಾರಾಳವಾಗಿ ಹಾಕಿ” ಎಂದು ಕನ್ವರ್ಟರ್ ಮಾರಿದವನ ಮೇಲೆ ನನಗೆ ಸಿಟ್ಟಿದೆ, ಆದರೆ ಅವನನ್ನು ಸುಳ್ಳುಗಾರನೆನ್ನಲಾರೆ. ನಾನು ಹೆಸರು ಹೇಳಿ ಕೇಳಿದೆ, ಅವನು ಹೆಸರಿಗೆ ತಕ್ಕದ್ದನ್ನು ಕೊಟ್ಟ. ಕಾರಿನ 12 ವೋಲ್ಟ್ ಬ್ಯಾಟರಿ ಕೂಡ ಎಂಜಿನ್ ಓಡುವಾಗ 14ರ ಆಸುಪಾಸಿನಲ್ಲಿರುತ್ತದೆ, ಅದನ್ನೂ ನಾವೆಲ್ಲ 12 ಎಂದೇ ಕರೆಯುತ್ತೇವೆ.

ಭಾವ ಅಲ್ಲಿಗೇ ನಿಲ್ಲಲಿಲ್ಲ. ನಾನು ಹಾಕಿದ್ದ ಕಾರಿನ ಫ್ಯೂಸನ್ನು ಕಿತ್ತು ಬೆಳಕಿಗೆ ಹಿಡಿದರು. ಅದರ ನೆತ್ತಿಯ ಮೇಲೆ ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿ 32 ವೋಲ್ಟ್ ಎಂದಿತ್ತು. ನಾನು ನೋಡಿದ್ದು ದೊಡ್ಡದಾಗಿದ್ದ 5 ಆಂಪಿಯರನ್ನು ಮಾತ್ರ. ಮಿತಿ ಮೀರಿದ ವೋಲ್ಟೇಜಿನಲ್ಲಿ ಫ್ಯೂಸಿನ ತಂತಿ ಕರಗಿದರೂ ಅದರ ತುದಿಗಳ ನಡುವೆ ಕಿಡಿ ಹೊತ್ತಿಕೊಂಡೇ ಇರಬಹುದಂತೆ. ಅಲ್ಲದೆ, ಬ್ಯಾಟರಿಯಿಂದ ಕಾಲು ಆಂಪಿಯರಿಗಿಂತ ಹೆಚ್ಚು ಎಳೆಯದ ದೀಪಕ್ಕೆ 5 ಆಂಪಿಯರಿನ ಕಾವಲು ಇದ್ದರೆಷ್ಟು, ಬಿಟ್ಟರೆಷ್ಟು? ಮಾನ ಉಳಿಸಿಕೊಳ್ಳಲು, “ಹತ್ತರಲ್ಲಿ ಮೂರು ಸೆಲ್‌ಗಳಿಂದಲೇ 12 ವೋಲ್ಟ್ ತೆಗೆದರೆ ಕನ್ವರ್ಟರೇ ಬೇಡವಲ್ಲ, ಭಾವ?” ಎಂದೆ.

“ಆ ಮೂರು ಮೊದಲು ಬರಿದಾಗುತ್ತವೆ. ಬಿಎಂಎಸ್ ಅವನ್ನು ನೋಡಿ ಹತ್ತನ್ನೂ ನಿಲ್ಲಿಸುತ್ತದೆ.”

ಬಿಎಂಎಸ್ ಎಂದರೆ ಬ್ಯಾಟರಿಯೊಳಗೆ ಕೂತು ಸೆಲ್‌ಗಳನ್ನು ಕಾಯುವ ಸರ್ಕ್ಯೂಟ್. ಅವರು ಇಷ್ಟು ಉದ್ದ ಮಾತಾಡಿದ್ದನ್ನು ನಾನು ಕೇಳಿದ್ದು ಅಪರೂಪ.

ಈಗ 60 ವೋಲ್ಟ್‌ವರೆಗೆ ತಡೆಯುವ ಕನ್ವರ್ಟರ್ ಬಂದಿದೆ. ಅಷ್ಟೇ ವೋಲ್ಟಿಗೆ ಒಗ್ಗುವ 1 ಆಂಪಿಯರಿನ ಫ್ಯೂಸನ್ನು, ವೈರು ಎಲ್ಲಿ ಉಜ್ಜಿಹೋದರೂ ಕಾಯುವಂತೆ, ಬ್ಯಾಟರಿಯ ಪಕ್ಕದಲ್ಲೇ ಕೂರಿಸಿದ್ದೇನೆ. ಅರ್ಧ ಚಾರ್ಜಿನಲ್ಲೇ ಪರೀಕ್ಷಿಸಲು ಹೊರಟವನಿಗೆ ಭಾವ ಫೋನಿನಲ್ಲಿ “ತುಂಬಿಸಿ ಹಾಕು” ಎಂದಷ್ಟೇ ಹೇಳಿದರು. ಚಾರ್ಜರಿನ ಕೆಂಪು ದೀಪ ಇನ್ನೂ ಹಸಿರಾಗಿಲ್ಲ. ಪಕ್ಕದಲ್ಲಿಟ್ಟ ಮೀಟರ್ 41.3 ತೋರಿಸುತ್ತಿದೆ.