ಬಿಸಿಲು ಅಂತ ಮಾರ್ಚ್ ಏಪ್ರಿಲ್ ಬಿಟ್ಟುಬಿಡಬೇಡಿ

ನಮ್ಮ ಹೋಮ್‌ಸ್ಟೇಗೆ ಫೋನ್ ಮಾಡೋರು ಮುಕ್ಕಾಲು ಪಾಲು ಜನ ಕೇಳೋದು ಮಳೆಗಾಲಕ್ಕೆ, ಇಲ್ಲಾಂದ್ರೆ ಡಿಸೆಂಬರ್ ಚಳಿಗೆ. ಮಾರ್ಚ್‌ನಲ್ಲಿ ಬನ್ನಿ ಅಂದ್ರೆ "ಅಯ್ಯೋ ಬಿಸ್ಲು ಮೇಡಂ" ಅಂತಾರೆ. ಮಧ್ಯಾಹ್ನ ಬಿಸ್ಲು ಇರುತ್ತೆ, ಇಲ್ಲ ಅನ್ನಲ್ಲ. ಆದ್ರೆ ಶಿವರಾತ್ರಿ ಕಳೆದು ಭರಣಿ ಮಳೆ ಬರೋವರೆಗೆ ನಮ್ಮ ತೋಟದಲ್ಲಿ ಏನೇನು ಚಿಗುರುತ್ತೆ, ಅದ್ರಿಂದ ಅಡುಗೆಮನೆಲಿ ಏನೇನು ಆಗುತ್ತೆ ಅಂತ ಒಂದ್ಸಲ ನೋಡಿದೋರು ಆಮೇಲೆ ಬಿಸ್ಲಿನ ಮಾತೇ ಎತ್ತಲ್ಲ, ಅದಕ್ಕೇ ಇದನ್ನ ಬರೀತಿದೀನಿ.

ನಮ್ದು ಕನಕಪುರ ರಸ್ತೆಲಿ ಹಾರೋಹಳ್ಳಿ ದಾಟಿ ಒಳಗಡೆ ಹೋದ್ರೆ ಸಿಗೋ ಸಣ್ಣ ತೋಟ. ಹೆಂಚಿನ ಮನೆ, ಬಂದೋರಿಗೆ ಅಂತ ಎರಡು ರೂಮು, ಬೆಳಿಗ್ಗೆ ತಿಂಡಿ ನಮ್ಮಲ್ಲೇ. ತೋಟ ನಂದು, ಅಡುಗೆಮನೆ ಅತ್ತೆದು. ಮೆನು ಕಾರ್ಡ್ ಅಂತ ಏನೂ ಇಲ್ಲ, ಬೆಳಿಗ್ಗೆ ಅತ್ತೆ ಒಂದು ಸುತ್ತು ಹಾಕ್ಕೊಂಡು ಬಂದಾಗ ಸೆರಗಲ್ಲಿ ಏನಿರುತ್ತೋ ಅವತ್ತಿಗೆ ಅದೇ.

ಈಗ ಸೆರಗಲ್ಲಿ ಇರೋದು ಮಾವಿನಕಾಯಿ. ಮಾವು ಹೂ ಬಿಡೋದು ಸಂಕ್ರಾಂತಿ ಆಸುಪಾಸಲ್ಲಿ, ಆಗ ಮೋಡ ಕವ್ಕೊಂಡು ಇಬ್ಬನಿ ಜಾಸ್ತಿ ಆಯ್ತು ಅಂದ್ರೆ ಜಿಗಿಹುಳ, ಬೂದಿರೋಗ ಎರಡೂ ಒಟ್ಟಿಗೆ ಬಂದ್ಬಿಡುತ್ತೆ. ಅದೆಲ್ಲ ತಪ್ಪಿಸ್ಕೊಂಡ್ರೂ ಒಂದೊಂದು ಗೊಂಚಲಲ್ಲಿರೋ ನೂರಾರು ಹೂವಲ್ಲಿ ಕಡೇಗೆ ನಿಲ್ಲೋದು ಒಂದೋ ಎರಡೋ ಕಾಯಿ. ಉಳಿದಿದ್ದು ಉದುರುತ್ತೆ, ಉದುರಲೇಬೇಕು, ಮರ ಅಷ್ಟೆಲ್ಲ ಹೊರೋಕಾಗಲ್ಲ. ಯುಗಾದಿ ಹೊತ್ತಿಗೆ ಗಾಳಿಗೆ ಬಿದ್ದ ಕಾಯಿ ಆರಿಸ್ಕೊಂಡು ಬಂದ್ರೆ ಸಾಕು, ಕೊಯ್ಯೋ ಕೆಲಸಾನೇ ಇಲ್ಲ.

ಅತ್ತೆ ಮಾವಿನಕಾಯಿ ಚಿತ್ರಾನ್ನ ಮಾಡೋದನ್ನ ಹೇಳ್ಲೇಬೇಕು. ನಾಟಿಕಾಯಿ ಗೊಜ್ಜಿಗೆ, ತೋತಾಪುರಿ ಚಿತ್ರಾನ್ನಕ್ಕೆ, ಇದು ಅವರ ಲೆಕ್ಕ, ಯಾಕಂದ್ರೆ ತೋತಾಪುರಿ ಹುಳಿ ನಾಲಿಗೆ ಕೊರೆಯಲ್ಲ. ಕಾಯಿ ತುರಿದು ಎರಡು ಪಾಲು ಮಾಡ್ಕೋತಾರೆ. ಒಂದು ಪಾಲು ತೆಂಗಿನತುರಿ, ಸಾಸಿವೆ, ಬ್ಯಾಡಗಿ ಮೆಣಸಿನಕಾಯಿ, ಚೂರು ಬೆಲ್ಲದ ಜೊತೆ ಒರಳಲ್ಲಿ ತರಿತರಿಯಾಗಿ ರುಬ್ಬೋಕೆ. ಕಡ್ಲೆಕಾಯಿಬೀಜ, ಕಡ್ಲೆಬೇಳೆ, ಇಂಗು, ಕರಿಬೇವಿನ ಒಗ್ಗರಣೆಲಿ ಆ ಮಸಾಲೆ ಹಸಿವಾಸನೆ ಹೋಗೋವರೆಗೆ ಬಾಡಿಸಿ, ಇನ್ನೊಂದು ಪಾಲು ತುರೀನ ಒಲೆ ಆರಿಸೋ ಗಳಿಗೆಲಿ ಹಾಕ್ತಾರೆ. ಹಾಗಾಗಿ ತಿನ್ನುವಾಗ ರುಬ್ಬಿದ ಹುಳಿ ಅನ್ನಕ್ಕೆಲ್ಲ ಹಿಡಿದಿರುತ್ತೆ, ಮಧ್ಯೆ ಮಧ್ಯೆ ಹಸಿತುರಿ ಕರಕರ ಅಂತ ಬಾಯಿಗೆ ಸಿಗುತ್ತೆ. ಎಲ್ಲ ಒಟ್ಟಿಗೆ ಬೇಯಿಸಿದ್ರೆ ಈ ರುಚಿ ಬರಲ್ಲ, ನಾನು ಎಷ್ಟೋ ಕಡೆ ತಿಂದು ನೋಡಿದೀನಿ.

ಇನ್ನೊಂದು, ಹುಣಸೆ ಚಿಗುರು. ಬೆಂಗಳೂರಲ್ಲಿ ಇರೋರಿಗೆ ಹುಣಸೆಹಣ್ಣು ಗೊತ್ತು, ಚಿಗುರು ತಿಂದೋರು ಕಮ್ಮಿ. ಹಣ್ಣು ಬಡಿದು ಮುಗಿದ ಮೇಲೆ ಮರದ ತುದಿಲೆಲ್ಲ ಎಳೇ ಹಸಿರು, ಕೆಲವೊಂದು ಕಡೆ ಕೆಂಪು ಛಾಯೆಲಿ ಪುಟ್ಟಪುಟ್ಟ ಎಲೆ ಬರುತ್ತೆ, ಕೈಗೆ ತಗೊಂಡು ಉಜ್ಜಿದ್ರೆ ಮುದ್ದೆ ಆಗೋಷ್ಟು ಮೆತ್ತಗೆ. ಅದನ್ನ ತೊಗರಿಬೇಳೆ ಜೊತೆ ಬೇಯಿಸಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟು ಸಾರು ಮಾಡಿದ್ರೆ ಬೇರೆ ಹುಳಿ ಹಾಕೋದೇ ಬೇಡ, ಬಿಸಿ ರಾಗಿಮುದ್ದೆಗೆ ಇದಕ್ಕಿಂತ ಒಳ್ಳೇ ಜೊತೆ ನಂಗೆ ಗೊತ್ತಿಲ್ಲ. ಎಲೆ ಬಲಿತರೆ ಮುಗೀತು, ನಾರು ನಾರು. ಅದಕ್ಕೇ ಈ ಸಾರು ಬೇಕು ಅಂದ್ರೆ ಆ ವಾರದಲ್ಲೇ ಬರ್ಬೇಕು.

ಹೊಸ ಹುಣಸೆಹಣ್ಣಿಂದ ಮಕ್ಕಳಿಗೆ ಚಿಗಳಿ ಮಾಡ್ತೀವಿ. ನಾರು ತೆಗೆದ ಹುಣಸೆ, ಬೆಲ್ಲ, ಜೀರಿಗೆ, ಉಪ್ಪು, ಒಣಮೆಣಸಿನಕಾಯಿ ಎಲ್ಲ ಕುಟ್ಟಿ ಉಂಡೆ ಮಾಡಿ ಕಡ್ಡಿಗೆ ಸಿಕ್ಕಿಸೋದು. ಹೋದ ವರ್ಷ ಒಂದು ಪಾಪು ಊಟ ಬೇಡ ಅಂತ ಹಠ ಮಾಡ್ತಿತ್ತು, ಅತ್ತೆ "ಬಾ ಮಗ, ನೀನೇ ಕುಟ್ಟು" ಅಂತ ಕುಟ್ಟಾಣಿ ಕೈಗೆ ಕೊಟ್ರು, ಕುಟ್ಟಿ ಕುಟ್ಟಿ ಹಸಿವಾಗಿ ಎರಡು ಸಲ ಅನ್ನ ಹಾಕಿಸ್ಕೊಂಡು ತಿಂತು.

ಯುಗಾದಿಗೆ ಇಲ್ಲೇ ಉಳ್ಕೊಳೋರಿಗೆ ಬೇವು ಬೆಲ್ಲ ಮರದಿಂದ ಆಗ ತಾನೇ ಕಿತ್ತ ಹೂವಿಂದು. ಬೇವಿನ ಹೂ ಸರಿಯಾಗಿ ಆ ಟೈಮಿಗೇ ಅರಳುತ್ತೆ, ಮಿಕ್ಕಿದ್ದನ್ನ ನೆರಳಲ್ಲಿ ಒಣಗಿಸಿಟ್ಟು ತುಪ್ಪದಲ್ಲಿ ಹುರಿದು ಗೊಜ್ಜಿಗೆ ಹಾಕ್ತೀವಿ. ಮಧ್ಯಾಹ್ನ ಒಬ್ಬಟ್ಟು, ಒಬ್ಬಟ್ಟಿನ ಸಾರು. ಮಾರನೇ ದಿನ ಹೊಸತೊಡಕು, ನಾಟಿಕೋಳಿ ಸಾರು ಮುದ್ದೆ. ಮಾಂಸ ತಿನ್ನದೋರಿಗೆ ಅವತ್ತು ನುಗ್ಗೆಸೊಪ್ಪಿನ ಉಪ್ಸಾರು, ಅದನ್ನೂ ಅಷ್ಟೇ ಅಕ್ಕರೆಯಿಂದ ಮಾಡ್ತಾರೆ ಅತ್ತೆ.

ಕೆಲವರು ಪೂರಿ, ದೋಸೆ, ಬ್ರೆಡ್ ಆಮ್ಲೆಟ್ ಎಲ್ಲ ಇಡಿ, ಬಫೆ ಇದ್ರೆ ಚೆನ್ನಾಗಿರುತ್ತೆ ಅಂತ ಸಲಹೆ ಕೊಡ್ತಾರೆ. ನಂಗೆ ಒಪ್ಪಿಗೆ ಇಲ್ಲ. ದೋಸೆ ಜಯನಗರದಲ್ಲೂ ಸಿಗುತ್ತೆ, ಬಸವನಗುಡಿಲಂತೂ ಕೇಳೋದೇ ಬೇಡ. ಅಷ್ಟು ದೂರ ಗಾಡಿ ಓಡಿಸ್ಕೊಂಡು ಬಂದೋರಿಗೆ ಇಲ್ಲಿ ಮಾತ್ರ, ಈ ವಾರ ಮಾತ್ರ ಸಿಗೋದನ್ನ ಬಡಿಸದೇ ಇನ್ನೇನು ಬಡಿಸೋದು?

ತೋಟದ ಬಗ್ಗೆ ಸ್ವಲ್ಪ. ಬೆಂಗಳೂರಿಂದ ಬರೋರು ಟಬೂಬಿಯಾ ಫೋಟೋ ತೋರಿಸ್ತಾರೆ, ಗುಲಾಬಿ ಬಣ್ಣದ ಹೂವು ರಸ್ತೆ ತುಂಬ. ನಂಗೂ ತುಂಬ ಇಷ್ಟ. 1908ರಲ್ಲಿ ಲಾಲ್‌ಬಾಗ್‌ಗೆ ಬಂದ ಜರ್ಮನಿಯ ತೋಟಗಾರಿಕೆ ತಜ್ಞ ಕೃಂಬಿಗಲ್ ಅವರು ಒಂದು ಜಾತಿ ಮರದ ಹೂವು ಮುಗೀತಿದ್ದ ಹಾಗೇ ಇನ್ನೊಂದು ಅರಳಬೇಕು ಅಂತ ಯೋಚನೆ ಮಾಡಿ ಬೀದಿ ಮರಗಳನ್ನ ಆರಿಸಿದ್ರು, ಊರಲ್ಲಿ ವರ್ಷ ಪೂರ್ತಿ ಎಲ್ಲೋ ಒಂದು ಕಡೆ ಹೂವು ಇರಬೇಕು ಅಂತ. ಆ ಯೋಚನೆ ನಂಗೆ ಎಷ್ಟು ಹಿಡಿಸ್ತು ಅಂದ್ರೆ ತೋಟದಲ್ಲೂ ಹಾಗೇ ಜೋಡಿಸ್ಕೊಂಡಿದೀನಿ: ಅವರೆ ಮುಗಿಯೋ ಹೊತ್ತಿಗೆ ನುಗ್ಗೆ ಹೂವು, ಆಮೇಲೆ ಎಳೇ ಹಲಸು, ಮಾವಿನಕಾಯಿ, ಹುಣಸೆ ಚಿಗುರು. ಪಾತಿಲಿ ದಂಟು, ಹರಿವೆ, ನೀರು ಹರಿಯೋ ಕಡೆ ಹೊನಗೊನೆ. ಅಂಗಳದ ಪಕ್ಕ ಮಲ್ಲಿಗೆ, ಅದಕ್ಕೆ ಶಿವರಾತ್ರಿಗೆ ಮುಂಚೆ ಸವರಿ ಗೊಬ್ಬರ ಕೊಟ್ಟಿದ್ರೆ ಬಿಸ್ಲು ಏರಿದ ಹಾಗೆಲ್ಲ ಮೊಗ್ಗು.

ಊಟ ಆದ್ಮೇಲೆ ಎಲ್ಲರೂ ಹೊಂಗೆ ಕೆಳಗೆ. ಹೊಂಗೆ ನೆರಳು ತಾಯಿ ಮಡಿಲು ಅಂತಾರಲ್ಲ, ಹಳೇ ಎಲೆ ಉದುರಿಸಿ ಹೊಸದು ತುಂಬ್ಕೊಂಡ ಈ ದಿನಗಳಲ್ಲಿ ಚಾಪೆ ಹಾಸ್ಕೊಂಡು ಮಲಗಿದ್ರೆ ಫ್ಯಾನ್ ನೆನಪಾಗಲ್ಲ. ಹೂವು ಬಿಟ್ಟಾಗ ಮರ ಪೂರ್ತಿ ಜೇನ್ನೊಣದ ಸದ್ದು, ಮಲಗಿದೋರ ಮೇಲೆಲ್ಲ ಹೂವು. ಉದುರಿದ ಹೂವು, ಎಲೆ ಎಲ್ಲ ಗುಡಿಸಿ ಪಾತಿಗೇ ಗೊಬ್ಬರ.

ಏಪ್ರಿಲ್ ಕೊನೆಗೆ ಭರಣಿ ಮಳೆ. ಭರಣಿ ಸುರಿದ್ರೆ ಧರಣಿ ಬದುಕೀತು ಅಂತ ನಮ್ಮ ಕಡೆ ಹಳಬರೆಲ್ಲ ಕಾಯೋ ಮಳೆ ಇದು, ಆದ್ರೆ ಆಲಿಕಲ್ಲು ಜೊತೆ ಬಂದ್ರೆ ಕಾಯಿಗೆಲ್ಲ ಪೆಟ್ಟು, ಹಾಗಾಗಿ ಮಾವಿನ ತೋಟ ಇರೋರಿಗೆ ಖುಷಿನೂ ಭಯಾನೂ ಒಟ್ಟಿಗೆ. ಆ ಮಳೆಗೆ ಮಣ್ಣೊಳಗೆ ತಿಂಗಳುಗಟ್ಟಲೆ ಸುಮ್ನಿದ್ದ ಮೇ ಫ್ಲವರ್ ಗೆಡ್ಡೆ ಕೆಂಪು ಚೆಂಡು ಎತ್ತುತ್ತೆ. ಅಲ್ಲಿಂದ ಮುಂದೆ ಬಾದಾಮಿ, ರಸಪುರಿ ಹಣ್ಣಿನ ಕಾಲ.

ಬರೋದಿದ್ರೆ ಹಿಂದಿನ ದಿನ ಒಂದು ಫೋನ್ ಮಾಡಿ, ಯಾರಿಗೆ ಏನು ಆಗಲ್ಲ, ಮಕ್ಕಳಿಗೆ ಖಾರ ಎಷ್ಟು ಅಂತ ಅತ್ತೆ ಹತ್ರಾನೇ ಮಾತಾಡಿ. ಏನು ತಿಂಡಿ ಅಂತ ಮಾತ್ರ ಕೇಳ್ಬೇಡಿ, ಬೆಳಿಗ್ಗೆ ತೋಟ ಸುತ್ತೋವರೆಗೆ ಅವರಿಗೂ ಗೊತ್ತಿರಲ್ಲ.