ಮೇಣದಬತ್ತಿ ಆರಿದ ಮೇಲೆ

9 ಜುಲೈ 2025, ಬುಧವಾರ, ರಾತ್ರಿ

"ಮೇಡಂ, ಕ್ಯಾಂಡಲ್ ಜಾರ್ ಅಂದ್ರೆ ನಿಜವಾಗ್ಲೂ ಮೇಣದಬತ್ತಿನಾ?"

ನಮ್ಮ ಮಲೇರಿಯಾ ಲ್ಯಾಬಿಗೆ ಹೊಸದಾಗಿ ಸೇರಿದ ಹುಡುಗಿ ಕೇಳಿದ್ದು. ಮಲೇರಿಯಾದ ಪರಾವಲಂಬಿ ಫಾಲ್ಸಿಪಾರಮ್ ಅನ್ನು ದೇಹದ ಹೊರಗೆ ಬೆಳೆಸುವ ಜಾಡಿ ಅದು. ಹೌದಮ್ಮಾ, ಕಿರಾಣಿ ಅಂಗಡಿಯಲ್ಲಿ ಸಿಗುವ ಅದೇ ಬಿಳಿ ಬತ್ತಿ. ಡೆಸಿಕೇಟರ್ ಅನ್ನೋ ಗಾಜಿನ ಜಾಡಿಯ ಅಂಚಿಗೆ ಗ್ರೀಸ್ ಸವರಿ, ಕಲ್ಚರ್ ತಟ್ಟೆಗಳನ್ನಿಟ್ಟು, ಬತ್ತಿ ಹಚ್ಚಿ ಮುಚ್ಚಳ ಹಾಕೋದು. ಮುಚ್ಚಳದ ಸ್ಟಾಪ್‌ಕಾಕ್, ಅಂದರೆ ಗಾಳಿ ಹೋಗುವ ತಿರುಪು, ಮಾತ್ರ ತೆರೆದೇ ಇರಬೇಕು, ಇಲ್ಲದಿದ್ದರೆ ಕಾದ ಗಾಳಿ ಮುಚ್ಚಳವನ್ನೇ ಎತ್ತುತ್ತದೆ. ಜ್ವಾಲೆ ಆರಿದ ತಕ್ಷಣ ಬಿಗಿ ಮಾಡಿದರೆ ಒಳಗೆ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಸುಮಾರು 3%. ಫಾಲ್ಸಿಪಾರಮ್‌ಗೆ ಅಷ್ಟು ಸಾಕು. ನಮ್ಮಲ್ಲೀಗ ಸಿಲಿಂಡರ್ ಇದೆ: 5% ಆಮ್ಲಜನಕ, 5% ಇಂಗಾಲದ ಡೈಆಕ್ಸೈಡ್, ಮಿಕ್ಕಿದ್ದು ಸಾರಜನಕ.

ಅವಳ ಪ್ರಶ್ನೆ ಅಲ್ಲಿಗೆ ಮುಗಿಯಿತು. ನನ್ನ ತಲೆಯಲ್ಲಿ ಮಾತ್ರ ಸಂಜೆಯಿಂದ ಫಾಲ್ಸಿಪಾರಮ್ ಅನ್ನು ಹೀಗೆ ಬೆಳೆಸಿ ತೋರಿಸಿದ ವಿಜ್ಞಾನಿ ವಿಲಿಯಂ ಟ್ರೇಗರ್ ಕೂತಿದ್ದಾರೆ.

1935ರಲ್ಲಿ ರೇಷ್ಮೆಹುಳುವಿನ ಜೀವಕೋಶಗಳನ್ನು ದೇಹದ ಹೊರಗಿಟ್ಟು ಅದರಲ್ಲಿ ವೈರಸ್ ಬೆಳೆಸಿದವರು. ಆಮೇಲೆ ಉಣ್ಣಿ ಹುಳು ಕಚ್ಚಿದ ಗಿನಿಯಿಲಿಗಳಲ್ಲಿ ಬರುವ ನಿರೋಧ, ಆಮೇಲೆ ಬಾತುಕೋಳಿ ರಕ್ತದ ಮಲೇರಿಯಾ. 1966ರಲ್ಲಿ ಸಹೋದ್ಯೋಗಿಗಳೊಂದಿಗೆ ಸೋಂಕಿತ ಕೆಂಪುಕಣವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ ಅದರ ಮೈಮೇಲಿನ ಗುಬುಟುಗಳನ್ನು ವರ್ಣಿಸಿದರು. ಆ ಗುಬುಟುಗಳ ಜಾಗದಲ್ಲೇ ಕಣ ರಕ್ತನಾಳದ ಗೋಡೆಗೆ ಅಂಟಿಕೊಳ್ಳುತ್ತದೆ. ಅದಕ್ಕೇ ರೋಗಿಯ ಬೆರಳ ರಕ್ತದಲ್ಲಿ ಬರೀ ರಿಂಗ್‌ಗಳು, ಅಂದರೆ ಉಂಗುರದಂಥ ಎಳೆಯ ಪರಾವಲಂಬಿಗಳು, ಕಾಣಿಸೋದು, ಬಲಿತವು ಒಳಗೆಲ್ಲೋ ಅಡಗಿರುತ್ತವೆ. ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಜೆನ್ಸನ್ ಜೊತೆ ನಿರಂತರ ಕಲ್ಚರ್ ಸಾಧಿಸಿದ್ದು 1976ರಲ್ಲಿ, ವಯಸ್ಸು 66. ಮಂಗನಿಂದ ಬಂದ ಸೋಂಕಿತ ರಕ್ತ, ಮನುಷ್ಯರ ಕೆಂಪುಕಣ, ಆರ್‌ಪಿಎಂಐ 1640 ಅನ್ನೋ ಪೋಷಕ ದ್ರವ (ಮೀಡಿಯಂ), ಸೀರಮ್, 38 ಡಿಗ್ರಿ. ಮೂರು ನಾಲ್ಕು ದಿನಕ್ಕೊಮ್ಮೆ ಹೊಸ ಕಣ ಸೇರಿಸುತ್ತಾ ಮೂಲದ ರಕ್ತ 10 ಕೋಟಿ ಪಟ್ಟಿಗೂ ಹೆಚ್ಚು ತೆಳುವಾದರೂ ಪರಾವಲಂಬಿ ಸಾಯಲಿಲ್ಲ.

ಕಲಕಲಿಲ್ಲ ಅವರು. ಕಣಗಳು ತಳದಲ್ಲಿ ತೆಳುವಾಗಿ ಕೂತಿರಲಿ, ಮೇಲಿನ ಮೀಡಿಯಂ ಮಾತ್ರ ಬದಲಾಗಲಿ ಅಂತ ಬಿಟ್ಟರು. ಅಷ್ಟು ವರ್ಷ ಪರಾವಲಂಬಿಯ ಹೊಟ್ಟೆಗೆ ಏನು ಬೇಕು ಅಂತ ಹುಡುಕಿದ ಮನುಷ್ಯ! ಹೊಟ್ಟೆಯ ಲೆಕ್ಕವೂ ಸುಳ್ಳಲ್ಲ ಅನ್ನಿ. ಅದು ಹಿಮೊಗ್ಲೋಬಿನ್ ತಿಂದು ಅಮೈನೋ ಆಮ್ಲ ಪಡೆಯುತ್ತದೆ, ಆದರೆ ವಯಸ್ಕರ ಹಿಮೊಗ್ಲೋಬಿನ್‌ನಲ್ಲಿ ಐಸೊಲ್ಯೂಸಿನ್ ಅನ್ನೋ ಅಮೈನೋ ಆಮ್ಲ ಇಲ್ಲವೇ ಇಲ್ಲ, ಮೀಡಿಯಂನಿಂದಲೇ ಸಿಗಬೇಕು. ಡಿಎನ್‌ಎಗೆ ಬೇಕಾದ ಪ್ಯೂರಿನ್ ತಯಾರಿಸಲೂ ಅದಕ್ಕೆ ಬರುವುದಿಲ್ಲ, ಅದಕ್ಕೇ ನಾವು ಹೈಪೋಜಾಂಥೀನ್ ಹಾಕೋದು.

ಹುಡುಗಿ ಹೋದ ವಾರ ಕರಗಿಸಿದ 3ಡಿ7 (ಫಾಲ್ಸಿಪಾರಮ್‌ನ ಒಂದು ಲ್ಯಾಬ್ ತಳಿ) ವಯಲ್ ಹಾಳಾಯಿತು. ಕಾರಣ ಆತುರ. ಫ್ರೀಜ್ ಮಾಡಿದ ಕಣದೊಳಗೆ ಗ್ಲಿಸರಾಲ್ ತುಂಬಿರುತ್ತದೆ. ನೇರ ಮೀಡಿಯಂಗೆ ಹಾಕಿದರೆ ನೀರು ನುಗ್ಗಿ ಕಣ ಒಡೆದು ಟ್ಯೂಬಿನ ತುಂಬ ಕೆಂಪು ನೀರು. ಅದಕ್ಕೇ ಮೊದಲು 1 ಮಿಲಿ ರಕ್ತಕ್ಕೆ 12% ಉಪ್ಪಿನ ದ್ರಾವಣ 0.2 ಮಿಲಿ, ಹನಿಹನಿಯಾಗಿ, ಕೈಯಲ್ಲಿ ಅಲುಗಾಡಿಸುತ್ತಾ. ಐದು ನಿಮಿಷ ಸುಮ್ಮನಿರಬೇಕು. ಆಮೇಲೆ 1.6% ದ್ರಾವಣ 10 ಮಿಲಿ, ಅದೂ ಹನಿಹನಿ. ಸ್ಪಿನ್ ಮಾಡಿ, 0.9% ಉಪ್ಪು ಮತ್ತು 0.2% ಡೆಕ್ಸ್‌ಟ್ರೋಸ್‌ನಲ್ಲಿ ತೊಳೆದು, ಆಮೇಲೆ ಮೀಡಿಯಂ. ಮೊದಲ ಒಂದೆರಡು ದಿನ ಸ್ಲೈಡಿನಲ್ಲಿ ಏನೂ ಕಾಣದಿದ್ದರೂ ಚೆಲ್ಲಬಾರದು.

ಪ್ಯಾರಾಸೈಟೀಮಿಯಾ, ಅಂದರೆ ಸೋಂಕಿತ ಕಣಗಳ ಪ್ರಮಾಣ, 5% ದಾಟಲು ಬಿಟ್ಟರೆ ಇನ್ನೊಂದು ಫಜೀತಿ. ಲ್ಯಾಕ್ಟಿಕ್ ಆಮ್ಲ ಸೇರಿ ಮೀಡಿಯಂ ಹಳದಿಗೆ ತಿರುಗುತ್ತದೆ, ಮರುದಿನ ಗೀಮ್ಸಾ ಬಣ್ಣ ಹಾಕಿದ ಸ್ಲೈಡಿನಲ್ಲಿ ನೋಡಿದರೆ ರಿಂಗ್ ಬದಲು ಮುದುಡಿದ ಕಡುಬಣ್ಣದ ಚುಕ್ಕೆಗಳು. ಸೋಮವಾರ ಕಲ್ಚರ್ ಹೀಗೆ ಸಾಯೋದಕ್ಕೆ ಭಾನುವಾರದ ರಜೆಯೇ ಕಾರಣ, ಹೆಚ್ಚಿನ ಸಲ. ಬ್ಯಾಂಕಿನಿಂದ ತಂದ ರಕ್ತ ತಿಂಗಳು ದಾಟಿದ್ದರೂ ಹೀಗೇ ಕುಂಟುತ್ತದೆ.

3ಡಿ7 ಅಂದೆನಲ್ಲ, ಅದರ ತಾಯಿ ತಳಿ ಎನ್‌ಎಫ್54 ಸಿಕ್ಕಿದ್ದು ಆಫ್ರಿಕಾದಲ್ಲಲ್ಲ, ನೆದರ್ಲೆಂಡ್ಸ್‌ನಲ್ಲಿ ಸ್ಕಿಪೋಲ್ ವಿಮಾನ ನಿಲ್ದಾಣದ ಹತ್ತಿರ ವಾಸವಿದ್ದ ರೋಗಿಯಲ್ಲಿ. ಸೊಳ್ಳೆಗೂ ವಿಮಾನಯಾನ.

ಇದೆಲ್ಲ ಫಾಲ್ಸಿಪಾರಮ್ ಕತೆ. ಮಂಗಳೂರಿನ ಕಡೆ ಮಲೇರಿಯಾ ಬಂದರೆ ಹೆಚ್ಚಿನದು ವೈವ್ಯಾಕ್ಸ್, ಇನ್ನೊಂದು ಜಾತಿಯ ಮಲೇರಿಯಾ ಪರಾವಲಂಬಿ. ಅದನ್ನು ಹೀಗೆ ಬೆಳೆಸಲು ಇವತ್ತಿಗೂ ಆಗಿಲ್ಲ. ಅದಕ್ಕೆ ಎಳೆಯ ಕೆಂಪುಕಣ, ರೆಟಿಕ್ಯುಲೋಸೈಟೇ ಬೇಕು. ವಯಸ್ಕರ ರಕ್ತದಲ್ಲಿ ಅವು ನೂರಕ್ಕೆ ಒಂದರಷ್ಟು, ತಟ್ಟೆಯಲ್ಲಿಟ್ಟರೆ ಒಂದೆರಡು ದಿನದಲ್ಲಿ ಬಲಿತುಬಿಡುತ್ತವೆ. ಹೊಕ್ಕುಳಬಳ್ಳಿಯ ರಕ್ತದಲ್ಲಿ ಹೆಚ್ಚಿರುತ್ತವೆ, ಬೇರ್ಪಡಿಸಿಯೂ ಕೊಡಬಹುದು, ಆದರೆ 48 ಗಂಟೆಗೊಮ್ಮೆ ಹೊಸ ಸರಕು, ಪ್ರತಿ ಸುತ್ತಿಗೂ, ಅದೂ ಅಷ್ಟೇ ಎಳೆಯದು ಬೇಕು.