ನಾಲ್ಕನೇ ಕ್ಲಾಸಿಗೆ ಬಂದ ಕೂಡಲೇ ಏಣಿ ಯಾಕೆ ತೆಗೆಯುತ್ತೇವೆ?

ಎಫ್‌ಎ-3 (ವರ್ಷದ ಮೂರನೇ ಕಿರು ಪರೀಕ್ಷೆ) ಮುಗಿದ ವಾರ ಶಾಲೆಗೆ ಇಲಾಖೆಯ ಅಧಿಕಾರಿಯ ವಿಸಿಟ್ ಇತ್ತು. ನಾಲ್ಕನೇ ಕ್ಲಾಸಿನಲ್ಲಿ ಭಾಗಾಕಾರ ಮಾಡಿಸುತ್ತಿದ್ದೆ. ಸಾಹೇಬರು ಹಿಂದೆ ಕೂತು ಪಾಠಯೋಜನೆ ತಿರುವುತ್ತಿದ್ದರು. ಅಷ್ಟರಲ್ಲಿ ಒಬ್ಬ ಹುಡುಗ ಎದ್ದ. ನನ್ನನ್ನು ಕೇಳಲಿಲ್ಲ. ಒಂದರಿಂದ ಮೂರನೇ ಕ್ಲಾಸಿನವರು ಕಾರ್ಡ್ ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಯುವ ಪಕ್ಕದ ನಲಿ-ಕಲಿ ಕೋಣೆಗೆ ಹೋಗಿ, ಟ್ರೇಯಿಂದ ಕಳೆಯುವ ಲೆಕ್ಕದ ಕಾರ್ಡ್ ತಂದು, ಗೋಡೆ ಪಕ್ಕ ಕೂತು ಬರೆಯತೊಡಗಿದ.

'ಏನ್ ಮೇಡಂ ಇದು? ಪಾಠ ನಡೆಯುವಾಗ ಎದ್ದು ಹೋಗ್ತಾನಲ್ಲ?'

ಕ್ಲಾಸಿನಲ್ಲಿ ಒಬ್ಬರೂ ಉಸಿರೆತ್ತಲಿಲ್ಲ. ಹುಡುಗ ಕಾರ್ಡನ್ನು ಪುಸ್ತಕದ ಕೆಳಗೆ ತಳ್ಳಿದ. ಬೈಗುಳ ಬರುತ್ತೆ ಅಂತ ನನ್ನ ಮುಖವನ್ನೇ ನೋಡುತ್ತಿದ್ದ. 'ಅವನಿಗೆ ದಶಕ ಬಿಡಿಸಿ ಕಳೆಯೋದು ಇನ್ನೂ ಬರಲ್ಲ ಸರ್. ಏನು ಬಾಕಿ ಇದೆ ಅಂತ ಅವನಿಗೇ ಗೊತ್ತು, ಅದನ್ನೇ ತಂದಿದ್ದಾನೆ' ಅಂದೆ. ಅವರು ಮಾತಾಡಲಿಲ್ಲ. ವಿಸಿಟ್ ಬುಕ್ಕಿನಲ್ಲಿ 'ತರಗತಿ ಶಿಸ್ತು ಸುಧಾರಿಸಬೇಕು' ಅಂತ ಬರೆದು ಹೋದರು. ಆ ಸಾಲು ಇನ್ನೂ ಚುಚ್ಚುತ್ತದೆ.

ಆ ಹುಡುಗನಿಗೆ ಹಾಗೆ ಎದ್ದು ಹೋಗೋದನ್ನು ಕಲಿಸಿದ್ದು ನಮ್ಮ ಇಲಾಖೆಯೇ ಅಲ್ವಾ? ನಲಿ-ಕಲಿ ಶುರುವಾಗಿದ್ದು 1995ರಲ್ಲಿ, ನಮ್ಮ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ. ಆಂಧ್ರದ ಋಷಿ ವ್ಯಾಲಿಯ ಶಾಲೆಗಳನ್ನು ನೋಡಿ ಬಂದ ಇಲ್ಲಿನ ಮೇಷ್ಟ್ರುಗಳೇ ಕೂತು ಕಾರ್ಡ್ ಮಾಡಿದ್ದರು. ಮೂರನೇ ಕ್ಲಾಸಿನವರೆಗೆ ಮಗು ಏಣಿ (ಕಲಿಕೆಯ ಮೆಟ್ಟಿಲುಗಳ ಪಟ್ಟಿ) ನೋಡುತ್ತೆ, ತನ್ನ ಕಾರ್ಡ್ ತಾನೇ ತಗೊಂಡು ತಟ್ಟೆಗೆ, ಅಂದರೆ ತನ್ನ ಗುಂಪಿಗೆ, ಹೋಗುತ್ತೆ. ಕಾಫಿ ಹಣ್ಣು ಕೀಳೋಕೆ ಅಪ್ಪ ಅಮ್ಮನ ಜೊತೆ ಕೊಡಗಿಗೆ ಹೋಗಿ ಬಂದರೂ, ಏಣಿಯಲ್ಲಿ ಬಿಟ್ಟ ಮೈಲಿಗಲ್ಲಿನಿಂದಲೇ (ಹಂತದಿಂದಲೇ) ಮುಂದುವರಿಯುತ್ತೆ. ನಮ್ಮ ಕಡೆಯ ಮಕ್ಕಳಿಗೆ ಇದು ಸಣ್ಣ ವಿಷಯವಲ್ಲ.

ನಾಲ್ಕಕ್ಕೆ ಬಂದರೆ ಎಲ್ಲರಿಗೂ ಒಂದೇ ಪುಟ. ಕೊಡಗಿಂದ ನಿನ್ನೆ ಬಂದವನಿಗೂ ಅದೇ ಪುಟ.

ಒಂದೇ ಪಠ್ಯಕ್ರಮ ಬೇಡ ಅಂತ ನಾನು ಹೇಳುತ್ತಿಲ್ಲ. ಐದನೇ ಕ್ಲಾಸಿನಲ್ಲಿ ಮೊರಾರ್ಜಿ ವಸತಿ ಶಾಲೆಯ ಪ್ರವೇಶ ಪರೀಕ್ಷೆ ಇದೆ. ಅಲ್ಲಿ ಯಾರೂ 'ನೀನು ಎಲ್ಲಿವರೆಗೆ ಬಂದೆ ಮಗಾ' ಅಂತ ಕೇಳೋದಿಲ್ಲ. ಭಾಗಾಕಾರ ಬರದೆ ಹೋದರೆ ನಷ್ಟ ಆಗೋದು ಹುಡುಗನಿಗೇ. ಅವನು ಅಲ್ಲಿಗೆ ತಲುಪಲೇಬೇಕು. ಆದರೆ ಕಳೆಯೋದು ಬರದವನನ್ನು ಭಾಗಾಕಾರದ ಮುಂದೆ ಸುಮ್ನೆ ಕೂರಿಸಿದರೆ ತಲುಪುವುದಿಲ್ಲ.

ಈಗ ಕೊನೆಯ ಪೀರಿಯಡ್‌ನಲ್ಲಿ ನಾಲ್ಕನೇ ಕ್ಲಾಸಿಗೂ ಟ್ರೇ ಇಡುತ್ತೇನೆ. ಪಾಠ ಸ್ವಲ್ಪ ಹಿಂದೆ ಬಿದ್ದಿದೆ, ಬೀಳಲಿ. ಸಮಾಲೋಚನಾ ಸಭೆಯಲ್ಲಿ ಒಂದೇ ಒಂದು ಕೇಳಿದೆ: ವರ್ಷದ ಕೊನೆಯ ಪರೀಕ್ಷೆ ಎಲ್ಲರಿಗೂ ಒಂದೇ ದಿನ ಇರಲಿ, ಎಫ್‌ಎ ಯಾವಾಗ ಅನ್ನೋದನ್ನಾದರೂ ಟೀಚರಿಗೆ ಬಿಡಿ. ಸ್ಯಾಟ್ಸ್ (ಮಕ್ಕಳ ಅಂಕ ತುಂಬುವ ಇಲಾಖೆಯ ಆನ್‌ಲೈನ್ ವ್ಯವಸ್ಥೆ) ಎಂಟ್ರಿಗೆ ಕೊನೆಯ ದಿನ ಇದೆ, ಆಗಲ್ಲ ಅಂದರು. ಮುಂದಿನ ಸಭೆಯಲ್ಲೂ ಕೇಳುತ್ತೇನೆ.